ಮನೆಯ ಹುಲ್ಲುಹಾಸನ್ನು ಯಾರ ಕೈಗೆ ಒಪ್ಪಿಸಬೇಕು?

ಪ್ರಶ್ನೆ: ಉಡುಪಿ ಸಮೀಪದ ಪರ್ಕಳದಲ್ಲಿ ನಮ್ಮದು 15 ಸೆಂಟ್ಸ್ ಜಾಗದಲ್ಲಿರುವ ಮನೆ. ಮುಂಬೈಯ ನೌಕರಿಯಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ, ಮೂರು ವರ್ಷಗಳ ಹಿಂದೆ, ಮುಂಭಾಗದ ಸುಮಾರು 4 ಸೆಂಟ್ಸ್‌ನಲ್ಲಿ ಮೆಕ್ಸಿಕನ್ ಹುಲ್ಲು ಹಾಕಿಸಿದೆ. ಹಿಂದುಗಡೆ ತೆಂಗಿನ ಮರಗಳು, ಬಾವಿ, ಹಾಗೆಯೇ ಬಿಟ್ಟಿರುವ ಒಂದಿಷ್ಟು ಜಾಗ, ಮೂಲೆಯಲ್ಲಿ ನಾಗನ ಕಟ್ಟೆ ಇವೆ. ಜುಲೈ ಕೊನೆಯಲ್ಲಿ ತೋಟದ ಹುಲ್ಲು ತೆಗೆಯುವ ಮೆಷಿನ್‌ನವರೊಬ್ಬರನ್ನು ಕರೆಸಿ ಎರಡೂ ಕಡೆ ಕೆಲಸ ಮಾಡಿಸಿದೆ. ಈಗ ಹುಲ್ಲುಹಾಸು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿ ಬೋಳಾಗಿದೆ, ಕಿಟಕಿಯ ಗಾಜೊಂದು ಒಡೆದಿದೆ. ಗಾರ್ಡನಿಂಗ್ ಸಂಸ್ಥೆಯೊಂದು ವರ್ಷದ ಕಂತ್ರಾಟು ಮಾಡಿಕೊಳ್ಳಲು ಹೇಳುತ್ತಿದೆ. ಇನ್ನೊಬ್ಬರು ಮದ್ದು ಹೊಡೆದರೆ ಕಳೆಯ ಕಾಟವೇ ಇರುವುದಿಲ್ಲ ಎನ್ನುತ್ತಾರೆ. ನನಗೆ ಮಂಡಿನೋವು ಇರುವುದರಿಂದ ಸ್ವತಃ ಮಾಡಲಾರೆ. ಯಾರನ್ನು ಆರಿಸಿಕೊಳ್ಳಬೇಕು, ಏನನ್ನು ನೋಡಿ ಆರಿಸಿಕೊಳ್ಳಬೇಕು?

ಉತ್ತರ: ನಿಮ್ಮ ಹುಲ್ಲುಹಾಸು ಹಾಳಾದುದಕ್ಕೆ ಆ ಕೆಲಸಗಾರರ ಅಜಾಗರೂಕತೆಯೊಂದೇ ಕಾರಣವೆಂದು ನಾನು ಹೇಳಲಾರೆ. ನೀವು ಅವರಿಗೆ ಬಹುಶಃ "ಹುಲ್ಲು ತೆಗೆಯಬೇಕು" ಎಂದೇ ಹೇಳಿರುತ್ತೀರಿ. ನಮ್ಮ ಕರಾವಳಿಯಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಆದರೆ ಅಡಿಕೆ ತೋಟದಲ್ಲಿ ದುಡಿದವರ ಕಿವಿಗೆ ಆ ಮಾತಿನ ಅರ್ಥ, ನೆಲ ಕಾಣುವ ತನಕ ಸವರಿ ಹಾಕುವುದು ಎಂದು. ಬಿದ್ದ ಅಡಿಕೆ ಹೆಕ್ಕಲು, ಹಾವು ಹುಳ ಕಣ್ಣಿಗೆ ಬೀಳಲು, ಬುಡಕ್ಕೆ ಗೊಬ್ಬರ ಹಾಕಲು ತೋಟದಲ್ಲಿ ಹಾಗೆಯೇ ಆಗಬೇಕು. ಅಲ್ಲಿ ಎರಡು ಇಂಚು ಹುಲ್ಲು ಬಿಟ್ಟು ಹೋದವನು ಅರ್ಧ ಕೆಲಸ ಮಾಡಿದನೆಂಬ ಮಾತು ಕೇಳಬೇಕಾಗುತ್ತದೆ. ಹುಲ್ಲುಹಾಸಿನಲ್ಲಿ ನಾವು ಬಯಸುವುದು ಇದಕ್ಕೆ ತೀರಾ ವಿರುದ್ಧವಾದುದನ್ನು. ಅಲ್ಲಿ ಹುಲ್ಲನ್ನು ತೆಗೆಯುವುದಲ್ಲ, ಉಳಿಸಿಕೊಳ್ಳುವುದೇ ಕೆಲಸ. ಕತ್ತರಿಸುವುದು ಅದಕ್ಕೊಂದು ಉಪಾಯ ಮಾತ್ರ. ಈ ಎರಡು ಕೆಲಸಗಳನ್ನು ಒಂದೇ ದಿನ, ಒಂದೇ ಯಂತ್ರಕ್ಕೆ, ಒಂದೇ ಮಾತಿನಲ್ಲಿ ಒಪ್ಪಿಸಿದ್ದರಿಂದ ಈ ಫಜೀತಿ ಆಗಿದೆ. ಆದುದರಿಂದ ಯಾರನ್ನು ಕರೆಯಬೇಕೆಂಬ ಪ್ರಶ್ನೆಯನ್ನು ಮೊದಲು ಎರಡಾಗಿ ಸೀಳಿಕೊಳ್ಳಬೇಕು: ಮುಂದಿನ 4 ಸೆಂಟ್ಸ್‌ಗೆ ಯಾರು, ಹಿಂದಿನ ಜಾಗಕ್ಕೆ ಯಾರು.

ಹುಲ್ಲು ಕಂದಾದುದು ಏಕೆಂದು ತಿಳಿದರೆ ಮುಂದೆ ಬರುವವರನ್ನು ಅಳೆಯಲು ನಿಮಗೊಂದು ಕೋಲು ಸಿಗುತ್ತದೆ. ನರ್ಸರಿಗಳಲ್ಲಿ ಮೆಕ್ಸಿಕನ್ ಎಂದು ಕೊಡುವ ಸಣ್ಣ ಎಲೆಯ ಹುಲ್ಲು ಝೋಯ್ಸಿಯಾ ಕುಲದ್ದು. ಅದು ಒತ್ತಾಗಿ ಬೆಳೆಯುತ್ತದೆ; ಮೇಲ್ಭಾಗದಲ್ಲಿ ಮಾತ್ರ ಹಸಿರೆಲೆ, ಅದರ ಕೆಳಗೆ ಬಿಸಿಲು ಕಾಣದ ಕಂದು ದಂಟುಗಳ ಪದರ. ಮಳೆಗಾಲದ ಮೊದಲ ಎರಡು ತಿಂಗಳು ಕತ್ತರಿಸದೆ ಬಿಟ್ಟರೆ ಹಸಿರು ಇನ್ನಷ್ಟು ಮೇಲಕ್ಕೆ ಏರಿ ಕುಳಿತು, ಕೆಳಗಿನ ಕಂದು ಪದರ ದಪ್ಪವಾಗುತ್ತದೆ. ಆ ಹೊತ್ತಿನಲ್ಲಿ ಬುಡಕ್ಕೆ ಯಂತ್ರ ಹಾಕಿದರೆ ಎಲೆಯೆಲ್ಲ ಹೋಗಿ ದಂಟು ಮಾತ್ರ ಉಳಿಯುವುದು ಸಹಜ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬುದು ಲೋಕದಲ್ಲೆಲ್ಲ ಪಾಲಿಸುವ ನಿಯಮ. ನಿಮ್ಮ ಹುಲ್ಲನ್ನು ಒಂದೂವರೆ ಇಂಚಿನಲ್ಲಿ ಇಟ್ಟುಕೊಳ್ಳುವುದಾದರೆ, ಅದು ಎರಡೂಕಾಲು ಇಂಚಿಗೆ ಬಂದಾಗಲೇ ಕತ್ತರಿಸಬೇಕು. ನಾಲ್ಕು ಇಂಚಿಗೆ ಬಂದ ಮೇಲೆ ಕರೆದರೆ ಎಂಥ ಕುಶಲಿಯೂ ಒಂದೇ ದಿನದಲ್ಲಿ ಸರಿಪಡಿಸಲಾರ. ವಾರ ಹತ್ತು ದಿನ ಬಿಟ್ಟು ಎರಡು ಮೂರು ಹಂತಗಳಲ್ಲಿ ಇಳಿಸಬೇಕಾಗುತ್ತದೆ. ಬರುವವರಿಗೆ ಈ ಪ್ರಶ್ನೆಯನ್ನೇ ಹಾಕಿ: "ಈಗ ನಾಲ್ಕು ಇಂಚು ಬೆಳೆದಿದೆ, ಏನು ಮಾಡುತ್ತೀರಿ?" ಒಂದೇ ಸಲಕ್ಕೆ ಚೊಕ್ಕ ಮಾಡಿ ಕೊಡುತ್ತೇನೆ ಎನ್ನುವವರಿಗೆ ಹಿಂದಿನ ಜಾಗವನ್ನು ಕೊಡಿ, ಮುಂದಿನದನ್ನು ಕೊಡಬೇಡಿ.

ಇನ್ನು ಯಂತ್ರದ ಮಾತು. ನಮ್ಮ ಕಡೆ ಹೆಚ್ಚಿನವರ ಬಳಿ ಇರುವುದು ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್. ಅದರ ತುದಿಯಲ್ಲಿ ನೈಲಾನ್ ದಾರವನ್ನೋ ಉಕ್ಕಿನ ಬ್ಲೇಡನ್ನೋ ಕಟ್ಟಿ, ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗಿಸುತ್ತಾರೆ. ದರೆಯ ಅಂಚು, ತೋಡಿನ ಬದಿ, ಮರದ ನಡುವಿನ ಸಂದು, ಮೊಣಕಾಲೆತ್ತರ ಬೆಳೆದ ಕಳೆ, ಇವೆಲ್ಲಕ್ಕೆ ಅದಕ್ಕಿಂತ ಅನುಕೂಲವಾದ ಸಾಧನವಿಲ್ಲ. ಆದರೆ ಅದರ ಎತ್ತರವನ್ನು ನಿರ್ಧರಿಸುವುದು ಮನುಷ್ಯನ ಕೈ ಮಾತ್ರ. ಹತ್ತು ನಿಮಿಷದಲ್ಲಿ ಹೆಗಲು ಸೋತು ಕೈ ಇಳಿಯುತ್ತದೆ, ಹುಲ್ಲುಹಾಸಿನಲ್ಲಿ ತಗ್ಗು ದಿಬ್ಬದ ಗುರುತು ಮೂಡುತ್ತದೆ. ಹುಲ್ಲುಹಾಸಿಗೆ ಬೇಕಾದುದು ಚಕ್ರದ ಮೇಲೆ ಓಡುವ, ಎತ್ತರವನ್ನು ಗುರುತು ಮಾಡಿ ನಿಲ್ಲಿಸಬಹುದಾದ ಲಾನ್ ಮೋವರ್. ಇದರಲ್ಲಿ ಎರಡು ಬಗೆಯಿದೆ. ಉರುಳೆಯ ಸುತ್ತ ಅಲಗುಗಳಿದ್ದು ಕತ್ತರಿಯಂತೆ ಕತ್ತರಿಸುವುದು ಒಂದು; ಮುಚ್ಚಳದೊಳಗೆ ಒಂದೇ ಅಲಗು ಫ್ಯಾನಿನಂತೆ ತಿರುಗುವುದು ಇನ್ನೊಂದು. ಮೆಕ್ಸಿಕನ್ ಹುಲ್ಲಿಗೆ ಉರುಳೆಯದು ಹೆಚ್ಚು ನಯವಾದ ಕೆಲಸ ಮಾಡುತ್ತದೆಯಾದರೂ ನೆಲ ಸಮನಾಗಿರಬೇಕು, ಹುಲ್ಲು ಎತ್ತರವಾಗಿರಬಾರದು. ನಮ್ಮ ಮಳೆಗಾಲದ ಏರುಪೇರಿಗೆ ಫ್ಯಾನಿನಂಥದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಎರಡರಲ್ಲಿ ಯಾವುದಿದ್ದರೂ ಅಡ್ಡಿಯಿಲ್ಲ. ಬ್ರಷ್ ಕಟರ್ ಒಂದನ್ನೇ ಹಿಡಿದುಕೊಂಡು ಹುಲ್ಲುಹಾಸಿನ ವರ್ಷದ ಹೊಣೆ ಹೊರುತ್ತೇನೆ ಎನ್ನುವವರನ್ನು ಮಾತ್ರ ನಾನು ಒಪ್ಪುವುದಿಲ್ಲ.

ಯಂತ್ರ ಒಳ್ಳೆಯದಿದ್ದರೆ ಸಾಲದು, ಅದರ ಅಲಗು ಹರಿತವಾಗಿರಬೇಕು. ಇದನ್ನು ತಿಳಿಯಲು ಯಂತ್ರಶಾಸ್ತ್ರ ಬೇಕಿಲ್ಲ. ಕತ್ತರಿಸಿದ ಎರಡನೆಯ ದಿನ ಬೆಳಿಗ್ಗೆ ನಾಲ್ಕಾರು ಎಲೆಗಳನ್ನು ಕಿತ್ತು ತುದಿಯನ್ನು ನೋಡಿ. ಹರಿತವಾದ ಅಲಗಿನಿಂದ ಕತ್ತರಿಸಿದ ಎಲೆಯ ತುದಿ ನೇರವಾಗಿರುತ್ತದೆ. ಮೊಂಡು ಅಲಗು ಕತ್ತರಿಸುವುದಿಲ್ಲ, ಹರಿಯುತ್ತದೆ, ಆದುದರಿಂದ ತುದಿ ನಾರುನಾರಾಗಿ ಬೆಳ್ಳಗಾಗಿರುತ್ತದೆ. ದೂರದಿಂದ ನೋಡಿದಾಗ ಇಡೀ ಅಂಗಳಕ್ಕೆ ಬೂದಿ ಎರಚಿದ ಹಾಗೆ ಕಾಣುವುದು ಇದೇ ಕಾರಣಕ್ಕೆ. ತೇವ ತುಂಬಿದ ನಮ್ಮ ಜುಲೈ ಆಗಸ್ಟ್‌ಗಳಲ್ಲಿ ಹಾಗೆ ಹರಿದ ತುದಿಯೇ ಶಿಲೀಂಧ್ರಕ್ಕೆ ಬಾಗಿಲು. ಅಲಗನ್ನು ಎಷ್ಟು ದಿನಕ್ಕೊಮ್ಮೆ ಮಸೆಯುತ್ತೀರಿ ಎಂದು ಕೇಳಿದಾಗ ತಡವರಿಸದೆ ಉತ್ತರ ಕೊಡುವವರು ತಮ್ಮ ಕೆಲಸವನ್ನು ಬಲ್ಲವರು. ಜೊತೆಗೆ, ಬೇರೆಯವರ ಅಂಗಳದಿಂದ ನೇರವಾಗಿ ಬಂದ ಯಂತ್ರದ ಚಕ್ರ ಮತ್ತು ಮುಚ್ಚಳದ ಒಳಭಾಗವನ್ನು ತೊಳೆದೇ ನಿಮ್ಮ ಹುಲ್ಲಿನ ಮೇಲೆ ಇಳಿಸಬೇಕು. ನಾಚಿಕೆ ಮುಳ್ಳಿನ ಬೀಜ ಊರಿಂದ ಊರಿಗೆ ಹೋಗಲು ಇದಕ್ಕಿಂತ ಸುಲಭದ ವಾಹನ ಇನ್ನೊಂದಿಲ್ಲ.

ಆದರೆ ಯಂತ್ರಕ್ಕಿಂತಲೂ ನಾನು ಹೆಚ್ಚು ನೋಡುವುದು, ಬಂದವರು ಮೊದಲ ಹತ್ತು ನಿಮಿಷ ಏನು ಮಾಡುತ್ತಾರೆ ಎಂಬುದನ್ನು. ಬೈಕಿನಿಂದ ಇಳಿದವರೇ ಯಂತ್ರದ ಹಗ್ಗ ಎಳೆದು ಶುರು ಮಾಡುವವರಿದ್ದಾರೆ. ಇನ್ನು ಕೆಲವರು ಜಾಗದ ಸುತ್ತ ಒಮ್ಮೆ ನಡೆದು, ಕೋಲಿನಿಂದ ಹುಲ್ಲನ್ನು ತಟ್ಟಿ, ಬಿದ್ದ ಮುರಕಲ್ಲಿನ ಚೂರು, ತೆಂಗಿನ ಗೆರಟೆ, ಮೊಳೆ, ತಂತಿ ಹೆಕ್ಕಿ ಬದಿಗಿಟ್ಟು, "ನೀರಿನ ಪೈಪು ಎಲ್ಲಿ ಹೋಗಿದೆ, ಅರ್ತಿಂಗ್ ತಂತಿ ಎಲ್ಲಿದೆ" ಎಂದು ಕೇಳುತ್ತಾರೆ. ಕಾರು ನಿಂತಿದ್ದರೆ ಸರಿಸಲು ಹೇಳುತ್ತಾರೆ. ಹೊಸದಾಗಿ ನೆಟ್ಟ ಸಸಿಗಳನ್ನು ಗುರುತು ಮಾಡಿಕೊಳ್ಳುತ್ತಾರೆ. ಈ ಎರಡನೆಯವರು ಐವತ್ತೋ ನೂರೋ ಹೆಚ್ಚು ಕೇಳಿದರೂ ಕೊಡಿ. ಮಂಗಳೂರಿನ ನನ್ನ ಮನೆಯಲ್ಲಿ ಎರಡು ವರ್ಷದ ಕಸಿ ಮಾವಿನ ಗಿಡವೊಂದು ಹೀಗೆಯೇ ಹೋಯಿತು. ಬುಡದ ಹುಲ್ಲನ್ನು ಚೊಕ್ಕ ಮಾಡುವ ಉತ್ಸಾಹದಲ್ಲಿ ಕೆಲಸಗಾರರು ನೈಲಾನ್ ದಾರವನ್ನು ಕಾಂಡಕ್ಕೆ ತಾಗಿಸಿ ಸುತ್ತಲೂ ತೊಗಟೆ ಎಬ್ಬಿಸಿದ್ದರು; ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ತೊಗಟೆಯೇ ಆದುದರಿಂದ ಗಿಡ ಕೆಲವು ವಾರ ಏನೂ ಆಗದಂತೆ ನಿಂತಿದ್ದು ಆಮೇಲೆ ಬಾಡಿತು. ತಪ್ಪು ನನ್ನದೂ ಹೌದು, ಬುಡದ ಸುತ್ತ ಒಂದು ಅಡಿಯಷ್ಟು ಹುಲ್ಲನ್ನು ಕೈಯಲ್ಲಿ ಕಿತ್ತಿಟ್ಟಿದ್ದರೆ ಯಂತ್ರ ಅಲ್ಲಿಗೆ ಹೋಗುವ ಪ್ರಮೇಯವೇ ಇರಲಿಲ್ಲ. ಎಳೆಯ ತೆಂಗಿಗಾದರೋ ಗಾಯವಾದರೆ ಕೆಂಪು ಮೂತಿ ಹುಳು ಆ ವಾಸನೆಗೇ ಹುಡುಕಿಕೊಂಡು ಬರುತ್ತದೆ.

ಕಿಟಕಿಯ ಗಾಜು ಒಡೆದುದನ್ನು ಬರೆದಿದ್ದೀರಿ. ಅದು ಗಾಜಾದುದು ನಿಮ್ಮ ಪುಣ್ಯ. ತಿರುಗುವ ಬ್ಲೇಡಿಗೆ ಸಿಕ್ಕಿದ ಕಲ್ಲು ಎತ್ತ ಹಾರುತ್ತದೆಂದು ಹೇಳಲಾಗದು. ಕೆಲಸ ನಡೆಯುವಾಗ ಸುತ್ತ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದೆಂದು ಬ್ರಷ್ ಕಟರ್‌ಗಳ ಕೈಪಿಡಿಗಳೇ ಹೇಳುತ್ತವೆ. 15 ಮೀಟರ್ ಎಂದರೆ ಸುಮಾರು 50 ಅಡಿ. ನಿಮ್ಮ 15 ಸೆಂಟ್ಸ್ ಚೌಕವಾಗಿದ್ದರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು 80 ಅಡಿ, ನಡುವೆ ನಿಂತು ಯಂತ್ರ ತಿರುಗಿಸಿದರೆ ಹೆಚ್ಚುಕಡಮೆ ಇಡೀ ಜಾಗ ಆ ಸುತ್ತಿನೊಳಗೇ ಬರುತ್ತದೆ. ಆದುದರಿಂದ ಮಕ್ಕಳು, ನಾಯಿ, ಒಗೆದ ಬಟ್ಟೆ ಎಲ್ಲವೂ ಒಳಗೆ. ಪಾಗಾರದ ಆಚೆಗಿನವರಿಗೂ ಮೊದಲೇ ಒಂದು ಮಾತು ಹೇಳಿ. ಕೆಲಸಗಾರರ ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಮ್‌ಬೂಟು ಇರಲೇಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಬ್ಲೇಡು ತಿರುಗಿಸುವ ದೃಶ್ಯ ನಮ್ಮಲ್ಲಿ ದಿನವೂ ಕಾಣುವಂಥದ್ದು. ಅವರ ಧೈರ್ಯವನ್ನು ಮೆಚ್ಚುವ ಬದಲು ಅವರನ್ನು ವಾಪಸು ಕಳುಹಿಸುವುದು ಇಬ್ಬರಿಗೂ ಕ್ಷೇಮ. ಮಳೆಗಾಲದಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರ ಕಾಣಿಸಿಕೊಳ್ಳುತ್ತದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದ ಮೂಲಕ ಒಳಹೋದರೆ ಸಾಕು, ಆದುದರಿಂದ ಗಮ್‌ಬೂಟು ಕಲ್ಲಿಗೆ ಮಾತ್ರ ತಡೆಯಲ್ಲ. ಸಂಸ್ಥೆಯ ಮೂಲಕ ಬರುವವರಾದರೆ, ಕೆಲಸಗಾರರಿಗೆ ಅಪಘಾತ ವಿಮೆ ಮಾಡಿಸಿದ್ದಾರೆಯೇ, ಗಾಜೋ ಕಾರೋ ಜಖಂ ಆದರೆ ಖರ್ಚು ಯಾರದು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಒಬ್ಬರೇ ದುಡಿಯುವವರಾದರೆ ಬರವಣಿಗೆ ಬೇಡ, ಮೊದಲೇ ಬಾಯಿಮಾತಿನಲ್ಲಿ ತೀರ್ಮಾನಿಸಿಕೊಂಡರೆ ಸಾಕು; ಆದ ಮೇಲೆ ಮಾತಾಡಿದರೆ ಮನಸ್ಸು ಕೆಡುತ್ತದೆ.

ಹಾವಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹಿಂದುಗಡೆ ಹಾಗೆಯೇ ಬಿಟ್ಟಿರುವ ಜಾಗವಿದ್ದು, ಮೂಲೆಯಲ್ಲಿ ನಾಗನ ಕಟ್ಟೆ ಇದೆ ಎಂದಿದ್ದೀರಿ. ಕೆಲಸಕ್ಕೆ ಬರುವವರು ಹೊರ ಊರಿನವರಾಗಿರಬಹುದು, ಈಗಂತೂ ದೂರದ ರಾಜ್ಯಗಳಿಂದ ಬಂದವರೇ ಹೆಚ್ಚು. ಕಟ್ಟೆಯ ಸುತ್ತ ಎಲ್ಲಿಯವರೆಗೆ ಯಂತ್ರ ಬರಬಾರದೆಂದು ಅವರಿಗೆ ತಾನಾಗಿ ತಿಳಿಯುವುದಿಲ್ಲ. ಹಗ್ಗ ಕಟ್ಟಿಯೋ ನಾಲ್ಕು ಕೋಲು ನೆಟ್ಟೋ ಗುರುತು ಮಾಡಿಕೊಡಿ. ಅದರೊಳಗಿನ ಹುಲ್ಲನ್ನು ನಿಮ್ಮ ಮನೆಯ ಕ್ರಮದಂತೆ ಕೈಯಿಂದಲೇ ತೆಗೆಸಿ. ಕನ್ನಡಿ ಹಾವು, ಅಂದರೆ ವಿಷದ ಕೊಳಕುಮಂಡಲ, ಉದ್ದ ಹುಲ್ಲಿನಲ್ಲಿ ಸದ್ದಿಗೆ ಹೆದರಿ ಓಡದೆ ಬಿದ್ದುಕೊಂಡೇ ಇರುತ್ತದೆ. ಕೆಲಸಗಾರರ ಪಾಲಿಗೆ ಅಪಾಯ ಹೆಚ್ಚಿರುವುದು ಅದರಿಂದಲೇ. ನಾಗರಹಾವೋ ಕೇರೆಯೋ ಯಂತ್ರಕ್ಕೆ ಸಿಕ್ಕಿದರೆ ಅದು ಕಾನೂನಿನ ತಪ್ಪಾಗುವುದರ ಜೊತೆಗೆ, ನಮ್ಮ ಕಡೆಯ ಮನೆಗಳಲ್ಲಿ ಎಂಥ ಕಳವಳಕ್ಕೆ ಕಾರಣವಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಗಂಟೆಯ ಅವಸರಕ್ಕಾಗಿ ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿ ಬಂದ ಮನೆಗಳನ್ನು ನಾನು ಬಲ್ಲೆ. ಹಾವು ಕಂಡರೆ ಯಂತ್ರ ನಿಲ್ಲಿಸಿ, ಅದು ಹೋಗುವ ತನಕ ಕಾಯುತ್ತೇವೆ ಅಥವಾ ಹಾವು ಹಿಡಿಯುವವರನ್ನು ಕರೆಸುತ್ತೇವೆ ಎನ್ನುವವರೇ ನಿಮಗೆ ಬೇಕಾದವರು.

ಈಗ ಕಂತ್ರಾಟಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ. ವರ್ಷದ ಕರಾರುಗಳಲ್ಲಿ ಸಾಮಾನ್ಯವಾಗಿ "ತಿಂಗಳಿಗೆ ಎರಡು ಸಲ" ಎಂದು ಬರೆದಿರುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ, ಆದರೆ ಆ ಲೆಕ್ಕ ನಮ್ಮ ಊರಿನ ಹುಲ್ಲಿನದಲ್ಲ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ಹನ್ನೆರಡು ದಿನಕ್ಕೊಮ್ಮೆಯಾದರೂ ಕತ್ತರಿಸಬೇಕು, ಅಂದರೆ ಸುಮಾರು 10 ಸಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹದಿನೆಂಟು ಇಪ್ಪತ್ತು ದಿನಕ್ಕೊಮ್ಮೆ, 5 ಸಲ. ಜನವರಿಯಿಂದ ಮೇ ತನಕ ತಿಂಗಳಿಗೊಮ್ಮೆ, ಮತ್ತೆ 5 ಸಲ. ಒಟ್ಟು 20 ಆಯಿತು. ತಿಂಗಳಿಗೆ ಎರಡರಂತೆ 24 ಸಲಕ್ಕೆ ಹಣ ಕೊಟ್ಟವರಿಗೆ ಏಪ್ರಿಲ್‌ನಲ್ಲಿ ಬೇಡದ ಎರಡು ಸಲ ಸಿಗುತ್ತದೆ, ಜುಲೈಯಲ್ಲಿ ಬೇಕಾದ ಮೂರನೆಯದು ಸಿಗುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚು ಕತ್ತರಿಸುವುದು ದಂಡ ಮಾತ್ರವಲ್ಲ, ಹಾನಿಯೂ ಹೌದು. ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ತಳ ಕಂಡು, 2019ರಲ್ಲಿ ಆದ ಹಾಗೆ, ನಲ್ಲಿಗೆ ಸರದಿ ಬರುವ ಕಾಲದಲ್ಲಿ ಹುಲ್ಲಿಗೆ ನೀರು ಎಲ್ಲಿಂದ? ಆಗ ಅದನ್ನು ಅರ್ಧ ಇಂಚು ಎತ್ತರವಾಗಿಯೇ ಬಿಟ್ಟರೆ ಅದರ ನೆರಳೇ ಅದರ ಬುಡವನ್ನು ಕಾಯುತ್ತದೆ.

ಆದುದರಿಂದ ತಿಂಗಳ ಲೆಕ್ಕದ ಕಂತ್ರಾಟು ಬೇಡ, ಸಲದ ಲೆಕ್ಕದ ಕಂತ್ರಾಟು ಮಾಡಿಕೊಳ್ಳಿ: ವರ್ಷಕ್ಕೆ 20 ಸಲ, ಯಾವ ತಿಂಗಳಲ್ಲಿ ಎಷ್ಟು ಎಂಬುದು ಮೇಲಿನಂತೆ, ಹಣ ಪ್ರತಿ ಸಲ ಕೆಲಸ ಮುಗಿದ ಮೇಲೆ. ಮಳೆಯ ದಿನ ಬರುವಂತಿಲ್ಲ, ಆದರೆ ಹೊಳವಾದ ಎರಡು ಮೂರು ದಿನದೊಳಗೆ ಬರಬೇಕು ಎಂಬುದನ್ನೂ ಸೇರಿಸಿ. ಒದ್ದೆ ಹುಲ್ಲಿಗೆ ಯಂತ್ರ ಹಾಕಿದರೆ ಕತ್ತರಿಸಿದುದು ಮುದ್ದೆಯಾಗಿ ಬಿದ್ದು ಕೆಳಗಿನ ಹುಲ್ಲನ್ನು ಕೊಳೆಸುತ್ತದೆ, ಚಕ್ರದ ಗುರುತು ಮಣ್ಣಿನಲ್ಲಿ ಕೂರುತ್ತದೆ. ಜುಲೈಯಲ್ಲಿ ಹೊಳವಾಗುವ ದಿನಗಳು ಎಷ್ಟು ಕಡಮೆ, ಆ ದಿನಗಳಲ್ಲಿ ಊರಿನ ಎಲ್ಲರೂ ಅದೇ ಕೆಲಸಗಾರನಿಗೆ ಹೇಗೆ ಫೋನು ಮಾಡುತ್ತಾರೆ ಎಂಬುದನ್ನು ನೆನೆದರೆ, ಮೊದಲೇ ಮಾತು ಕೊಟ್ಟಿಟ್ಟುಕೊಂಡವರಿಗಿರುವ ಅನುಕೂಲ ತಿಳಿಯುತ್ತದೆ. ಹಾಗಾಗಿ ಮಾತುಕತೆಗೆ ಸರಿಯಾದ ಸಮಯ ಪತ್ತನಾಜೆಯ ಆಸುಪಾಸು, ಮೇ ಕೊನೆಯ ವಾರ. ಮಳೆ ಹಿಡಿದ ಮೇಲೆ ಹುಡುಕಿದವರಿಗೆ ಸಿಗುವುದು ಬೇರೆ ಯಾರಿಗೂ ಬೇಡವಾಗಿ ಉಳಿದವರು. ಇನ್ನೊಂದು ಎಚ್ಚರಿಕೆ: ಇಡೀ ವರ್ಷದ ಹಣವನ್ನು ಮುಂಗಡವಾಗಿ ಕೇಳುವ ಸಂಸ್ಥೆಗೆ, ಎರಡು ಸಲ ಪರೀಕ್ಷೆಗೆಂದು ಮಾಡಿಸಿ ನೋಡುತ್ತೇನೆ ಎನ್ನಿ. ಎರಡನೆಯ ಸಲವೂ ಅದೇ ಕೆಲಸಗಾರರು ಬರುತ್ತಾರೆಯೇ ನೋಡಿ. ಸಂಸ್ಥೆಯ ಹೆಸರು ಹುಲ್ಲು ಕತ್ತರಿಸುವುದಿಲ್ಲ, ನಿಮ್ಮ ಅಂಗಳದ ತಗ್ಗು ದಿಬ್ಬ ಬಲ್ಲ ಒಬ್ಬ ಮನುಷ್ಯ ಕತ್ತರಿಸುತ್ತಾನೆ. ಸಲಕ್ಕೊಬ್ಬರಂತೆ ಬದಲಾಗುತ್ತಿದ್ದರೆ ಪ್ರತಿ ಸಲವೂ ನೀವೇ ಪಾಠ ಹೇಳಬೇಕಾಗುತ್ತದೆ.

ಹಿಂದಿನ ಜಾಗದ ಲೆಕ್ಕವೇ ಬೇರೆ. ಅದಕ್ಕೆ ನಿಮ್ಮ ಹಳೆಯ ಕೆಲಸಗಾರರನ್ನೇ ಕರೆಯಬಹುದು, ಆ ಕೆಲಸದಲ್ಲಿ ಅವರೇ ನಿಪುಣರು. ಅಲ್ಲಿ ಗಂಟೆಯ ಲೆಕ್ಕವೋ ದಿನದ ಸಂಬಳವೋ ನಡೆಯುತ್ತದೆ. ಹುಲ್ಲು ಎಷ್ಟು ಎತ್ತರವಿದೆ, ಜಾಗ ಎಷ್ಟು ಇಳಿಜಾರಿದೆ ಎಂಬುದರ ಮೇಲೆ ಸಮಯ ಬದಲಾಗುವುದರಿಂದ ಸೆಂಟ್ಸ್ ಲೆಕ್ಕದಲ್ಲಿ ಮಾತಾಡಿದರೆ ಒಬ್ಬರಿಗಲ್ಲ ಒಬ್ಬರಿಗೆ ನಷ್ಟ. ಪೆಟ್ರೋಲ್ ಯಾರದು, ನೈಲಾನ್ ದಾರ ಯಾರದು ಎಂಬುದನ್ನು ಮೊದಲೇ ಕೇಳಿಕೊಳ್ಳಿ, ಜಗಳ ಹುಟ್ಟುವುದು ಅಲ್ಲಿಯೇ. ಮುಂದಿನ ಹುಲ್ಲುಹಾಸಿಗೆ ಮಾತ್ರ ಗಂಟೆಯ ಲೆಕ್ಕ ಬೇಡ. ಅದರ ಅಳತೆ ಬದಲಾಗುವಂಥದ್ದಲ್ಲ: 1 ಸೆಂಟ್ಸ್ ಎಂದರೆ 435.6 ಚದರಡಿ, ನಿಮ್ಮದು ಸುಮಾರು 1,740 ಚದರಡಿ. ಚದರಡಿಯ ದರ ಹೇಳುವ ಸಂಸ್ಥೆಯವರು ಕೆಲವೊಮ್ಮೆ ಇಂಟರ್‌ಲಾಕ್ ಹಾಕಿದ ದಾರಿಯನ್ನೂ ಗಿಡದ ಪಾತಿಯನ್ನೂ ಸೇರಿಸಿ ಅಳೆಯುತ್ತಾರೆ, ನೀವೇ ಒಮ್ಮೆ ಟೇಪು ಹಿಡಿದು ನೋಡಿಕೊಳ್ಳುವುದು ಒಳ್ಳೆಯದು. ಅಂಚು ಕತ್ತರಿಸುವುದು, ಬಿದ್ದುದನ್ನು ಗುಡಿಸಿ ಒಯ್ಯುವುದು ದರದಲ್ಲಿ ಸೇರಿದೆಯೇ ಎಂಬುದೂ ಸ್ಪಷ್ಟವಾಗಿರಲಿ. ಯಂತ್ರಕ್ಕೆ ಪೆಟ್ರೋಲ್ ತುಂಬುವುದು ಹುಲ್ಲಿನ ಮೇಲೆ ಅಲ್ಲ, ದಾರಿಯ ಮೇಲೆ. ಒಂದು ಚಮಚ ಚೆಲ್ಲಿದರೂ ಆ ಜಾಗ ಗುಂಡಗೆ ಸುಟ್ಟು, ತುಂಬಿಕೊಳ್ಳಲು ತಿಂಗಳುಗಳೇ ಬೇಕು.

ಕತ್ತರಿಸಿದ ಹುಲ್ಲು ಏನಾಗಬೇಕು? ಹನ್ನೆರಡು ದಿನಕ್ಕೊಮ್ಮೆ ಕತ್ತರಿಸಿದಾಗ ಉದುರುವ ತುಣುಕು ಚಿಕ್ಕದು, ಒಣಗಿದ ದಿನವಾದರೆ ಅಲ್ಲಿಯೇ ಬಿಡಬಹುದು. ಅದರಲ್ಲಿರುವ ಸಾರಜನಕ ಮಣ್ಣಿಗೆ ಮರಳುತ್ತದೆ. ಹೆಚ್ಚಿದ್ದರೆ ತೆಂಗಿನ ಬುಡಕ್ಕೆ ಹಾಕಿಸಿ. ಹಿಂದಿನ ಜಾಗದ ಉದ್ದ ಹುಲ್ಲನ್ನು ನೆರೆಯವರು ದನಕ್ಕೆಂದು ಕೇಳುವುದುಂಟು. ಕೊಡಬಹುದು, ಆದರೆ ನೈಲಾನ್ ದಾರದಿಂದ ಕತ್ತರಿಸಿದ ಹುಲ್ಲನ್ನು ಕೊಡಬೇಡಿ. ಸವೆದ ದಾರದ ಚೂರುಗಳು ಹುಲ್ಲಿನೊಂದಿಗೆ ಸೇರಿ ದನದ ಹೊಟ್ಟೆಗೆ ಹೋಗುತ್ತವೆ. ದನಕ್ಕೆಂದಾದರೆ ಬ್ಲೇಡು ಹಾಕಿಸಿ, ಇಲ್ಲವೆ ಅವರೇ ಬಂದು ಕತ್ತಿಯಲ್ಲಿ ಹೆರೆದುಕೊಂಡು ಹೋಗಲಿ.

ಮದ್ದು ಹೊಡೆಯುವವರ ಮಾತಿಗೆ ನನ್ನ ಉತ್ತರ ಚಿಕ್ಕದು: ಬೇಡ. ಅವರು ಸಾಮಾನ್ಯವಾಗಿ ಹೇಳುವ ಮದ್ದು ಗ್ಲೈಫೋಸೇಟ್. ಅದು ಕಳೆ ಯಾವುದು, ಮೆಕ್ಸಿಕನ್ ಯಾವುದು ಎಂದು ನೋಡದೆ ಎರಡನ್ನೂ ಕೊಲ್ಲುತ್ತದೆ. ಕೀಟ ನಿಯಂತ್ರಣ ನಿರ್ವಾಹಕರ ಹೊರತು ಬೇರೆ ಯಾರೂ ಅದನ್ನು ಬಳಸಕೂಡದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕವಂತೂ ಮನುಷ್ಯರ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಇದೆಲ್ಲಕ್ಕಿಂತ ಮಿಗಿಲಾಗಿ ನಿಮ್ಮ ಹಿತ್ತಲಲ್ಲಿ ಬಾವಿಯಿದೆ. ನಮ್ಮ ಮುರಕಲ್ಲಿನ ನೆಲ ಜರಡಿಯಂತೆ. ಮೇಲೆ ಸುರಿದುದು ಮಳೆಯ ಜೊತೆ ಎಲ್ಲಿ ಇಳಿಯುತ್ತದೆಂದು ಬಾವಿ ತೋಡಿದವರನ್ನು ಕೇಳಿದರೆ ಹೇಳಿಯಾರು. ಹುಲ್ಲುಹಾಸಿನ ಕಳೆಗೆ ಕೈಯೇ ಮದ್ದು. ನಾಚಿಕೆ ಮುಳ್ಳನ್ನು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬೇರು ಸಮೇತ ಕೀಳಿಸಿ, ಹೂ ಬಿಡುವ ಮೊದಲು. ಜೇಕಿನ ಹುಲ್ಲನ್ನು ಮೇಲಿಂದ ಎಳೆದರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಚಿಕ್ಕ ಗುದ್ದಲಿಯಿಂದ ಅಗೆದೇ ತೆಗೆಯಬೇಕು. ವರ್ಷಕ್ಕೆ ಎರಡು ಸಲ ಕಳೆ ಕೀಳುವ ಕೆಲಸವನ್ನೂ ಕಂತ್ರಾಟಿನಲ್ಲಿ ಸೇರಿಸಿದರೆ ಯಾವ ಮದ್ದೂ ಬೇಕಾಗದು. ಅಂಚಿನಲ್ಲಿ ನೆರಳಿರುವ ಕಡೆ ಒಂದೆಲಗ ಹಬ್ಬಿದ್ದರೆ ಅದನ್ನೂ ಕಳೆಯ ಪಟ್ಟಿಗೆ ಸೇರಿಸಬೇಡಿ. ತಂಬುಳಿಗೆ ದುಡ್ಡು ಕೊಟ್ಟು ತರುವ ಸೊಪ್ಪನ್ನು ದುಡ್ಡು ಕೊಟ್ಟು ಕೀಳಿಸಿ ಎಸೆಯುವ ಮನೆಗಳನ್ನು ನೋಡಿದಾಗ ನನಗೆ ನಗು ಬರುತ್ತದೆ.

ನಿಮ್ಮ ಮುಂದೆ ಈಗ ಇರುವ ಆಯ್ಕೆಗಳಲ್ಲಿ ನಾನಾಗಿದ್ದರೆ ಯಾವುದನ್ನು ಹಿಡಿಯುತ್ತಿದ್ದೆ ಎಂದು ಕೇಳಿದರೆ, ಸಂಸ್ಥೆಗೆ ಮೊದಲು ಹೋಗುತ್ತಿರಲಿಲ್ಲ. ಹುಲ್ಲು ಹಾಕಿಕೊಟ್ಟ ನರ್ಸರಿಯವರನ್ನು ಮೊದಲು ಕೇಳುತ್ತಿದ್ದೆ. ಅವರಿಗೆ ಆ ಹುಲ್ಲಿನ ಗುಣ ಗೊತ್ತು, ಅಲ್ಲಿ ದುಡಿಯುವವರಲ್ಲಿ ಒಬ್ಬರಾದರೂ ಬಿಡುವಿನ ದಿನ ಮನೆಗಳಿಗೆ ಹೋಗಿ ಕತ್ತರಿಸುವವರಿರುತ್ತಾರೆ. ಅದಾಗದಿದ್ದರೆ ಮಣಿಪಾಲದ ಕಡೆ ಹುಲ್ಲುಹಾಸು ಚೆನ್ನಾಗಿರುವ ನಾಲ್ಕು ಮನೆಗಳ ಮುಂದೆ ನಡೆದು ಹೋಗಿ, ಯಾರು ಮಾಡುತ್ತಾರೆಂದು ವಿಚಾರಿಸಿ. ಜುಲೈ ಆಗಸ್ಟ್‌ನಲ್ಲಿ ಚೆನ್ನಾಗಿ ಕಾಣುವ ಹುಲ್ಲುಹಾಸಿಗಿಂತ ದೊಡ್ಡ ಶಿಫಾರಸು ಪತ್ರ ಇಲ್ಲ. ಡಿಸೆಂಬರ್‌ನಲ್ಲಿ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಸಂಸ್ಥೆ ಬೇಕಾಗುವುದು ನೀವು ವರ್ಷದಲ್ಲಿ ಬಹುಕಾಲ ಊರಿನಲ್ಲಿ ಇಲ್ಲದಿದ್ದರೆ, ಮೇಲ್ವಿಚಾರಣೆಗೆ ಜನ ಇಲ್ಲದಿದ್ದರೆ. ಆಗ ಕೆಲಸದ ಮೊದಲು ಮತ್ತು ಆಮೇಲೆ ತೆಗೆದ ಫೋಟೋ ಕಳುಹಿಸಬೇಕೆಂಬ ಷರತ್ತು ಹಾಕಿಕೊಳ್ಳಿ.

ಸದ್ಯಕ್ಕೆ ಕಂದಾದ ಹುಲ್ಲಿಗೆ ಏನನ್ನೂ ಮಾಡದಿರುವುದೇ ಉಪಚಾರ. ಝೋಯ್ಸಿಯಾ ಮಣ್ಣಿನೊಳಗಿನ ಕಾಂಡದಿಂದ ಮತ್ತೆ ಚಿಗುರುವ ಹುಲ್ಲು. ಮೂರು ನಾಲ್ಕು ವಾರ ಅದರ ಮೇಲೆ ಓಡಾಡದೆ, ಯಂತ್ರ ಹಾಕದೆ, ಮಳೆಯಲ್ಲಿ ಯೂರಿಯಾ ಎರಚದೆ ಬಿಡಿ. ಬಿದ್ದ ತರಗೆಲೆಯನ್ನು ಮಾತ್ರ ತೆಗೆಸಿ. ಕಾಂಡವೂ ಸತ್ತು ಮಣ್ಣು ಕಾಣುವ ಕಡೆಗೆ, ಅಂಚಿನಿಂದ ಅಂಗೈಯಗಲದ ಹೆಂಟೆಗಳನ್ನು ಕಿತ್ತು ನೆಟ್ಟರೆ ದೀಪಾವಳಿಯ ಹೊತ್ತಿಗೆ ಕೂಡಿಕೊಳ್ಳುತ್ತದೆ. ಇಷ್ಟು ಮಳೆ ಬೀಳುವ ನೆಲದಲ್ಲಿ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುವುದು ಸಾಮಾನ್ಯ. ಮಳೆ ಕಡಮೆಯಾದ ಮೇಲೆ ಒಂದು ಹಿಡಿ ಮಣ್ಣನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟೇ ಸುಣ್ಣ ಹಾಕಿಸಿ. ತೆಂಗಿನ ನೆರಳು ಬೀಳುವ ಕಡೆ ಎಷ್ಟು ಮಾಡಿದರೂ ಮೆಕ್ಸಿಕನ್ ತೆಳುವಾಗಿಯೇ ಇರುತ್ತದೆ, ಅದನ್ನು ಕತ್ತರಿಸುವವರ ತಪ್ಪೆಂದು ತಿಳಿಯಬೇಡಿ. ಆ ಭಾಗಕ್ಕೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹೊಂದುತ್ತದೆ. ಹೊಸಬರನ್ನು ಮೊದಲ ಸಲ ಕರೆಯುವುದು ಸೆಪ್ಟೆಂಬರ್ ಎರಡನೆಯ ವಾರದಲ್ಲಿ, ಎರಡು ದಿನ ಬಿಸಿಲು ಬಿದ್ದ ಮೇಲೆ ಇರಲಿ; ಮೋವರನ್ನು ಅದರ ಅತಿ ಎತ್ತರದ ಗುರುತಿನಲ್ಲಿಟ್ಟು ತುದಿಯನ್ನು ಮಾತ್ರ ಸವರಲು ಹೇಳಿ, ನೀವು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಬಾಗಿಲ ಗಾಜಿನ ಹಿಂದಿನಿಂದ, ಮೊದಲ ಎರಡು ಸಾಲು ಮುಗಿಯುವ ತನಕ ನೋಡಿ.